ಅಳತೆಗಾರ ದೇವರು, ಹೊಟ್ಟೆ ತುಂಬಿದ ದುಃಖ

ಇಂಗ್ಲಿಷಿನ ‘ಸ್ಯಾಡ್’ ಎಂಬ ಪದಕ್ಕೆ ಇವತ್ತು ದುಃಖ ಎಂದರ್ಥ. ಸಾವಿರ ವರ್ಷಗಳ ಹಿಂದೆ ಅದು ಊಟದ ಪಂಕ್ತಿಯ ಮಾತಾಗಿತ್ತು. ಉಂಡು ತಣಿದು, ಇನ್ನೊಂದು ತುತ್ತೂ ಬೇಡವೆಂದು ಕೈ ಅಡ್ಡ ಹಿಡಿಯುವವನೇ ಆಗಿನ ‘ಸ್ಯಾಡ್’. ತಣಿದದ್ದು ಕ್ರಮೇಣ ಸಾಕಾದದ್ದಾಯಿತು, ಸಾಕಾದದ್ದು ಭಾರವಾಯಿತು, ಭಾರ ಕೊನೆಗೆ ದುಃಖವಾಗಿ ನಿಂತಿತು. ಹೊಟ್ಟೆಯಿಂದ ಎದೆಗೆ ಏರಿದ ಪದವಿದು.

5ನೇ ಶತಮಾನದ ಹೊತ್ತಿಗೆ ಉತ್ತರ ಜರ್ಮನಿ, ಡೆನ್ಮಾರ್ಕಿನ ಕರಾವಳಿಗಳಿಂದ ಬ್ರಿಟನ್ನಿಗೆ ಬಂದು ನೆಲೆಸಿದ ಆಂಗ್ಲರು, ಸ್ಯಾಕ್ಸನ್ನರು ಆಡುತ್ತಿದ್ದ ನುಡಿಯೇ ಹಳೆಯ ಇಂಗ್ಲಿಷ್. ಹಳಗನ್ನಡ ನಮಗೆ ಎಷ್ಟು ದೂರವೋ ಅದಕ್ಕಿಂತಲೂ ಹೆಚ್ಚು ದೂರ ಅದು ಇಂದಿನ ಇಂಗ್ಲಿಷರಿಗೆ. ಬೇರೆ ಭಾಷೆಯಂತೆ ಕೂತು ಕಲಿಯಬೇಕು. ‘ಸ್ಯಾಡ್’ ಆ ನುಡಿಯ ಪದ; ಸಾಕೆನ್ನುವ ಮಿತಿಗೂ ಅಲ್ಲಿ ಪದಗಳಿದ್ದವು. ಮಿತಿಯನ್ನು ಹೇಳಲು ಇಂದು ಬಳಸುವ ‘ಮಾಡರೇಶನ್’, ‘ಟೆಂಪರೆನ್ಸ್’ ಎರಡೂ ಲ್ಯಾಟಿನ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಥ ಪದಗಳು ಹೊಳೆಯಂತೆ ಹರಿದು ಬಂದವು.

ಅದಕ್ಕೆ ಮುಂಚೆ ಹಳೆಯ ಇಂಗ್ಲಿಷ್ ಆಡುವವರಿಗೆ ಮಿತಿಗೆ ತಮ್ಮದೇ ಪದವಿತ್ತು: ‘ಯೆಮೆಟ್’. ಅಳೆಯುವುದು ಎಂಬ ಅರ್ಥದ ‘ಮೆಟಾನ್’ ಕ್ರಿಯಾಪದದ ಬಳಗ ಅದು. ಕಾಳು ಅಳೆಯುವ ಅಳತೆಯೂ ಯೆಮೆಟ್, ನಡೆನುಡಿಯ ಹದವೂ ಯೆಮೆಟ್. ಅದಕ್ಕೆ ‘ಉನ್’ ಸೇರಿದರೆ ಅಳತೆ ಮೀರಿದ್ದು. ‘ಫ್ಯಾಸ್ಟ್’ ಸೇರಿದರೆ ‘ಯೆಮೆಟ್‌ಫ್ಯಾಸ್ಟ್’, ಅಂದರೆ ತನ್ನ ಅಳತೆಯಲ್ಲಿ ಗಟ್ಟಿಯಾಗಿ ನಿಂತವನು. ಆಗ ಫ್ಯಾಸ್ಟ್ ಎಂದರೆ ವೇಗವಲ್ಲ, ದೃಢತೆ. ಉಪವಾಸಕ್ಕೆ ಇಂಗ್ಲಿಷರು ಇಂದಿಗೂ ‘ಫಾಸ್ಟಿಂಗ್’ ಎನ್ನುವುದು ಈ ಗಟ್ಟಿ ಹಿಡಿತದಿಂದಲೇ.

ಈ ಬಳಗದ ದೊಡ್ಡ ಪದ ಇನ್ನೊಂದಿದೆ. ಹಳೆಯ ಇಂಗ್ಲಿಷ್ ಕವಿಗಳು ದೇವರನ್ನು ‘ಮೆಟೊಡ್’ ಎಂದು ಕರೆದರು. ವಿದ್ವಾಂಸರು ಅದನ್ನು ‘ಅಳೆಯುವವನು’ ಎಂದು ಬಿಡಿಸುತ್ತಾರೆ. 7ನೇ ಶತಮಾನದಲ್ಲಿ ವಿಟ್‌ಬಿಯ ಮಠದಲ್ಲಿದ್ದ ದನಗಾಹಿ ಕ್ಯಾಡ್ಮನ್ ಹಾಡಿದನೆನ್ನಲಾದ ಒಂಬತ್ತು ಸಾಲುಗಳ ಸ್ತುತಿಯಲ್ಲಿ ಈ ಹೆಸರಿದೆ. 3182 ಸಾಲುಗಳ ‘ಬೇವುಲ್ಫ್’ ಕಾವ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಲೋಕವನ್ನೂ ಆಯುಸ್ಸನ್ನೂ ಅಳೆದು ಕೊಡುವವನೇ ದೇವರಾದರೆ, ಅಳತೆ ಮೀರುವುದು ಬರೀ ಕೆಟ್ಟ ಚಟವಾಗಿ ಉಳಿಯುವುದಿಲ್ಲ. ಈ ಪದಗಳಿಗೆ ಇಷ್ಟು ತೂಕ ಬಂದದ್ದು ಅಲ್ಲಿಂದಲೇ ಇರಬೇಕು.

871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ದೊರೆಯ ಹೆಸರಿನಲ್ಲಿರುವ, ರೋಮಿನ ತತ್ವಜ್ಞಾನಿ ಬೊಯೀಥಿಯಸ್‌ನ ಕೃತಿಯ ಅನುವಾದ ನಾಲ್ಕು ಮೂಲ ಸದ್ಗುಣಗಳನ್ನು ಎಣಿಸುವಾಗ, ಎಚ್ಚರದ ನಂತರ ‘ಮೆಟ್‌ಗುಂಗ್’ ಎಂಬ ಮಿತಿಯನ್ನೇ ಇಡುತ್ತದೆ; ಧೈರ್ಯ, ನ್ಯಾಯ ಆಮೇಲೆ. ಸುಮಾರು ನೂರು ವರ್ಷಗಳ ಬಳಿಕ ಸನ್ಯಾಸಿ ಎಲ್ಫ್ರಿಕ್ ಅದೇ ಪದವನ್ನು ಜನರಿಗೆ ಬಿಡಿಸಿ ಹೇಳುತ್ತಾನೆ: ಹೆಚ್ಚು ತಿನ್ನಬಾರದು, ಹೆಚ್ಚು ಕುಡಿಯಬಾರದು, ಹೊತ್ತಿಗೆ ಮೊದಲೇ ಊಟಕ್ಕೆ ಕೂರಬಾರದು. ಉಪವಾಸ ಬಿದ್ದು ಸೊರಗಿರಿ ಎನ್ನುವುದಿಲ್ಲ. ಹೊತ್ತಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಇಂದಿನ ‘ಮೀಲ್’ ಆಗ ‘ಮ್ಯಾಲ್’ ಆಗಿತ್ತು. ಅದರ ಅರ್ಥ ಅಳತೆ, ಗೊತ್ತುಪಡಿಸಿದ ಹೊತ್ತು. ಆ ಹೊತ್ತಿನಲ್ಲಿ ಬಡಿಸಿದ್ದಕ್ಕೇ ಮುಂದೆ ಆ ಹೆಸರು ಅಂಟಿಕೊಂಡಿತು.

ಉಪದೇಶ ಬೇಕಾಗಿದ್ದದ್ದು ಏಕೆಂದು ಕಾವ್ಯವೇ ತೋರಿಸುತ್ತದೆ. ಕಾವ್ಯದ ನಾಯಕ ಬೇವುಲ್ಫನನ್ನು ಹೊಗಳುವಾಗ ಕವಿ, ಅವನು ಕುಡಿದ ಅಮಲಿನಲ್ಲಿದ್ದ ಜೊತೆಗಾರರನ್ನು ಒಲೆಯ ಬಳಿ ಕೊಂದವನಲ್ಲ ಎಂದು ನೆನಪಿಸುತ್ತಾನೆ. ಇದನ್ನು ಹೊಗಳಿಕೆಯಾಗಿ ಹೇಳಬೇಕಾಗಿದ್ದ ಕಾಲ ಅದು! 959ರಿಂದ 975ರವರೆಗೆ ಆಳಿದ ಎಡ್ಗರ್ ದೊರೆಯ ಕಾಲದಲ್ಲಿ, ಆರ್ಚ್‌ಬಿಷಪ್ ಡನ್‌ಸ್ಟನ್ ಕುಡಿಯುವ ಪಾತ್ರೆಗಳೊಳಗೆ ಚಿನ್ನ, ಬೆಳ್ಳಿಯ ಗೂಟಗಳನ್ನು ಹೊಡೆಸಿದನೆಂದು 12ನೇ ಶತಮಾನದ ಇತಿಹಾಸಕಾರ ಮಾಮ್ಸ್‌ಬರಿಯ ವಿಲಿಯಂ ಬರೆಯುತ್ತಾನೆ. ಪ್ರತಿಯೊಬ್ಬನಿಗೂ ತನ್ನ ಪಾಲು ಎಲ್ಲಿಯವರೆಗೆಂದು ಕಾಣಲಿ, ಜಗಳ ತಪ್ಪಲಿ ಎಂಬುದು ಉದ್ದೇಶ.

ಕನ್ನಡಿಗರಿಗೆ ಈ ‘ಮ್ಯಾಲ್’ ದೂರದ ನೆಂಟ. ಸಂಸ್ಕೃತದ ‘ಮಾ’ ಎಂಬ ಧಾತುವಿಗೂ ಅಳೆಯುವುದೆಂದೇ ಅರ್ಥ. ನಮ್ಮ ಮಾತಿನಲ್ಲಿರುವ ಮಿತಿ, ಮಾನ, ಮಾತ್ರೆ, ಪ್ರಮಾಣ ಎಲ್ಲವೂ ಅದರಿಂದ ಬಂದವು. ಇಂಡೋ-ಯುರೋಪಿಯನ್ ಎನ್ನುವ ಆದಿಭಾಷೆಯಲ್ಲಿ ಈ ಧಾತು ಮತ್ತು ‘ಮೀಲ್’ ಒಂದೇ ಬೇರಿನವು. ‘ಮಿತಾಹಾರ’ ಎನ್ನುವಾಗ ನಮ್ಮ ನಾಲಗೆಯ ಮೇಲಿರುವ ಮೊದಲ ಅಕ್ಷರವೂ ಲಂಡನ್ನಿನ ಹೋಟೆಲಿನಲ್ಲಿ ‘ಮೀಲ್’ ಕೇಳುವವನ ಬಾಯಿಯ ಅಕ್ಷರವೂ ಒಂದೇ ಮನೆಯಿಂದ ಹೊರಟದ್ದು.

ಯೆಮೆಟ್, ಮೆಟ್‌ಗುಂಗ್, ಮೆಟೊಡ್ ಈಗ ನಿಘಂಟುಗಳಲ್ಲಷ್ಟೇ ಇವೆ. ಸಾಕು ಎಂಬರ್ಥದ ‘ಯೆನೋಗ್’ ಮಾತ್ರ ‘ಇನಫ್’ ಆಗಿ ದಿನಕ್ಕೆ ನೂರು ಸಲ ಕೇಳಿಬರುತ್ತದೆ. ‘ಮೆಟಾನ್’ ಕ್ರಿಯಾಪದವೂ ‘ಮೀಟ್ ಔಟ್’ ಎಂಬ ಒಂದು ಮೂಲೆಯಲ್ಲಿ ಜೀವ ಹಿಡಿದಿದೆ. ಒಂದು ಕಾಲಕ್ಕೆ ಧಾನ್ಯವನ್ನೂ ನೆಲವನ್ನೂ ಅಳೆದ ಆ ಪದವನ್ನು ಇಂದಿನ ಇಂಗ್ಲಿಷರು ಹೆಚ್ಚಾಗಿ ಬಳಸುವುದು ಶಿಕ್ಷೆ ವಿಧಿಸುವಾಗ.