ಜಿಮ್ಮಿ ಸತ್ತಿರಲಿಲ್ಲ: ಮಕ್ಕಳ ರಕ್ತಕ್ಯಾನ್ಸರ್, ನಂಬಿಕೆ ಮತ್ತು ನಿಜ

“ಬ್ಲಡ್ ಕ್ಯಾನ್ಸರ್ ಬಂದ ಮಗು ಉಳಿಯಲ್ಲ.” ಈ ಮಾತು ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಕಾಯಿಲೆಯ ಹೆಸರು ಕಿವಿಗೆ ಬಿದ್ದ ದಿನವೇ ಕೆಲವು ಮನೆಗಳಲ್ಲಿ ಸೂತಕ ಶುರುವಾಗುತ್ತದೆ. ಸಿನಿಮಾಗಳ ಪಾಲೂ ಇದರಲ್ಲಿದೆ. 1971ರ ‘ಆನಂದ್’ ಚಿತ್ರದಲ್ಲಿ ರಾಜೇಶ್ ಖನ್ನಾ ಪಾತ್ರಕ್ಕೆ ಬರುವುದು ಕರುಳಿನ ಲಿಂಫೋಸಾರ್ಕೋಮಾ. ಆತ ಸಾಯುತ್ತಾನೆ, ನೋಡಿದವರೆಲ್ಲ ಅಳುತ್ತಾರೆ. ಅದೇ ವರ್ಷ ಅಮೆರಿಕದಲ್ಲಿ ಐನಾರ್ ಗುಸ್ತಾಫ್ಸನ್ ಎಂಬುವರು ಆರೋಗ್ಯವಾಗಿ ಬದುಕಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಅವರ ಕರುಳಿಗೂ ಲಿಂಫೋಮಾ, ಅಂದರೆ ಅದೇ ಕುಟುಂಬದ ಕ್ಯಾನ್ಸರ್, ಬಂದಿತ್ತು.

ಆ ಹುಡುಗನೇ ‘ಜಿಮ್ಮಿ’. ಗುರುತು ಬಯಲಾಗದಿರಲೆಂದು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಇಟ್ಟ ಹೆಸರು ಅದು. 1948ರ ಮೇ 22ರಂದು ರೇಡಿಯೋ ಕಾರ್ಯಕ್ರಮವೊಂದು ಹಾಸಿಗೆಯಲ್ಲಿದ್ದ ಹುಡುಗನ ದನಿಯನ್ನು ದೇಶಕ್ಕೆಲ್ಲ ಕೇಳಿಸಿತು. ಅವನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟಗಾರರು ಅವನ ಕೋಣೆಗೇ ಬಂದರು. ಇಪ್ಪತ್ತು ಸಾವಿರ ಡಾಲರ್ ಕೂಡಿಬಂದರೆ ಹುಡುಗನಿಗೆ ಟೀವಿ ಕೊಡಿಸುತ್ತೇವೆ ಎಂದು ಕೇಳುಗರಿಗೆ ಹೇಳಲಾಯಿತು. ಬಂದದ್ದು 2,31,000 ಡಾಲರಿಗೂ ಹೆಚ್ಚು. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ‘ಜಿಮ್ಮಿ ಫಂಡ್’ ಹೀಗೆ ಜನರೆದುರು ಬಂತು. ಹುಡುಗ ಗುಣವಾಗಿ ಊರಿಗೆ ಹೋದ. ಆದರೆ ಬಹಳ ಜನ ಅವನು ಸತ್ತೇಹೋಗಿರಬೇಕು ಎಂದುಕೊಂಡರು. ಐವತ್ತು ವರ್ಷದ ಬಳಿಕ, 1998ರಲ್ಲಿ, ಲಾರಿ ಓಡಿಸಿ ಮೂವರು ಹೆಣ್ಣುಮಕ್ಕಳ ತಂದೆಯಾಗಿದ್ದ ಐನಾರ್ ಜನರೆದುರು ಬಂದು ನಿಂತರು. 2001ರಲ್ಲಿ, 65ನೇ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಪಾರ್ಶ್ವವಾಯುವಿನಿಂದ.

“ಒಂದು ಒಳ್ಳೆಯ ಔಷಧಿ ಸಿಕ್ಕಿದರೆ ಆಯಿತಲ್ಲ, ಸಂಶೋಧನೆಗೆ ಇಷ್ಟೊಂದು ಹಣ ಯಾಕೆ?” ಎಂದು ಕೇಳುವವರಿದ್ದಾರೆ. ಜಿಮ್ಮಿಯ ವೈದ್ಯ ಸಿಡ್ನಿ ಫಾರ್ಬರ್ ಅದೇ 1948ರಲ್ಲಿ ಅಮಿನಾಪ್ಟೆರಿನ್ ಎಂಬ ಔಷಧಿಯ ವರದಿ ಪ್ರಕಟಿಸಿದರು. ಅದನ್ನು ತಯಾರಿಸಿಕೊಟ್ಟದ್ದು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಲ್ಯುಕೀಮಿಯಾ ಎಂಬ ರಕ್ತಕ್ಯಾನ್ಸರ್ ಇದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು, ಆದರೆ ಕೆಲವೇ ತಿಂಗಳು. ಕಾಯಿಲೆ ಮರಳಿತು. ಹಲವು ಔಷಧಿಗಳನ್ನು ಒಟ್ಟಿಗೆ ಹೇಗೆ ಕೊಡಬೇಕು, ಮಿದುಳಿನ ಸುತ್ತಲಿನ ದ್ರವದಲ್ಲಿ ಅಡಗುವ ಕ್ಯಾನ್ಸರ್ ಕಣಗಳನ್ನು ಹೇಗೆ ಮುಟ್ಟಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸಬೇಕಾಯಿತು. ಜನರ ದೇಣಿಗೆಯಿಂದ 1962ರಲ್ಲಿ ತೆರೆದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ, ಆ ದಶಕದ ಕೊನೆಗೆ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೀಮಿಯಾ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸಲು ಸಾಧ್ಯವಾಯಿತು. ಇಂದು ಶ್ರೀಮಂತ ದೇಶಗಳಲ್ಲಿ ಈ ಬಗೆಯ ಲ್ಯುಕೀಮಿಯಾ ಬಂದ ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಉಳಿಯುತ್ತಾರೆ.

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದು: “ರಿಪೋರ್ಟ್ ನಾರ್ಮಲ್ ಬಂತು, ಮಗು ಆಡ್ತಾ ಇದೆ, ಇನ್ಯಾಕೆ ಔಷಧಿ?” ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ಈ ಲ್ಯುಕೀಮಿಯಾದಲ್ಲಿ ಮೊದಲ ತಿಂಗಳ ಚಿಕಿತ್ಸೆಗೇ ಬಹುಪಾಲು ಮಕ್ಕಳ ರಕ್ತ ಸರಿಹೋಗುತ್ತದೆ. ಆದರೆ ಕಾಯಿಲೆ ಪತ್ತೆಯಾದಾಗ ಮೈಯಲ್ಲಿ ಸುಮಾರು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಅವುಗಳಲ್ಲಿ ನೂರು ಕೋಟಿ ಉಳಿದಿದ್ದರೂ ಸೂಕ್ಷ್ಮದರ್ಶಕಕ್ಕೆ ಗೊತ್ತಾಗುವುದಿಲ್ಲ. ಎರಡು-ಮೂರು ವರ್ಷ ಚಿಕಿತ್ಸೆ ನಡೆಯುವುದು ಅದಕ್ಕೇ. ನಡುವೆ ಬಿಟ್ಟರೆ ಕಾಯಿಲೆ ಮರಳಬಹುದು. ಮರಳಿದ್ದು ಮೊದಲಿನಷ್ಟು ಬೇಗ ಮಣಿಯುವುದಿಲ್ಲ. ಇಲ್ಲಿ ತಂದೆತಾಯಿಯರನ್ನು ಬೈದು ಪ್ರಯೋಜನವಿಲ್ಲ. ಬಸ್ ಚಾರ್ಜು, ತಂಗಲು ಜಾಗ, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು, ಇವೇ ಎಷ್ಟೋ ಸಲ ಚಿಕಿತ್ಸೆ ಬಿಡಿಸುತ್ತವೆ. ಹಣ ಕೂಡಿಸುವವರು ಔಷಧಿಯ ಬಿಲ್ಲಿನ ಜೊತೆಗೆ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಫಾರಿನ್‌ಗೇ ಹೋಗಬೇಕು ಎಂಬುದೂ ಸುಳ್ಳು. ಎಎಲ್‌ಎಲ್‌ಗೆ ಬಳಸುವ ಮುಖ್ಯ ಔಷಧಿಗಳಲ್ಲಿ ಹೆಚ್ಚಿನವು ಹಳೆಯವು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಮಕ್ಕಳಿಗೆ ಈ ಚಿಕಿತ್ಸೆ ಇದೆ. ಇದು ಅಂಟುರೋಗವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಹೊರಗಿನವರನ್ನು ದೂರ ಇಡುವುದು ಸೋಂಕು ಮಗುವಿಗೆ ತಗಲದಿರಲೆಂದು.

“ಕಾಶಿ ಕಣಗಿಲೆಯ ಕಷಾಯ ಸಾಕು” ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಹೆಚ್ಚು ಅಪಾಯ. ಈ ಮಕ್ಕಳಿಗೆ ಕೊಡುವ ವಿಂಕ್ರಿಸ್ಟಿನ್ ಸಿಗುವುದು ಆ ಗಿಡದಿಂದಲೇ. ಆದರೆ ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಅದನ್ನು ಶುದ್ಧಮಾಡಿ, ಮಗುವಿನ ಮೈ ಅಳತೆಗೆ ಲೆಕ್ಕಹಾಕಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಎಲೆಯಲ್ಲಿ ಬೇರೆ ವಿಷಗಳೂ ಇವೆ.

ಇನ್ನು, ಗುಣವಾದವರಿಗೆ ಮದುವೆ ಮಕ್ಕಳು ಆಗುವುದಿಲ್ಲ ಎಂಬ ಮಾತು. ಕೆಲವು ಚಿಕಿತ್ಸೆಗಳು ಸಂತಾನಶಕ್ತಿಯನ್ನು ಕುಗ್ಗಿಸುವುದುಂಟು, ಆದರೆ ಎಎಲ್‌ಎಲ್‌ನಿಂದ ಪಾರಾದ ಎಷ್ಟೋ ಜನ ತಾಯಿ ತಂದೆಯರಾಗಿದ್ದಾರೆ. ಮರೆಯಬಾರದ್ದು ಹೃದಯ: ಈ ಚಿಕಿತ್ಸೆಯಲ್ಲಿ ಬಳಸುವ ಡಾಕ್ಸೊರುಬಿಸಿನ್‌ನಂಥ ಔಷಧಿಗಳ ಪೆಟ್ಟು ವರ್ಷಗಳ ನಂತರ ಕಾಣಿಸಬಹುದು. ಹೆಣ್ಣು ಕೇಳಲು ಬರುವವರಿಗೆ ತಿಳಿಯಬಾರದೆಂದು ಮಗಳ ಹಳೆಯ ಆಸ್ಪತ್ರೆ ಫೈಲನ್ನು ಹರಿದುಹಾಕಬೇಡಿ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬ ಆ ಹಾಳೆ ನೋಡಿದರೆ ಮಾತ್ರ, ನಲವತ್ತರ ವಯಸ್ಸಿನಲ್ಲಿ ಉಬ್ಬಸವೆಂದು ಹೋದ ಆಕೆಗೆ ಹೃದಯದ ಎಕೋ ಪರೀಕ್ಷೆ ಬೇಕೆಂದು ಅಲ್ಲಿನ ಡಾಕ್ಟರಿಗೆ ಹೊಳೆದೀತು.