ಕಡಲ ತಳದ ಕೆಸರು ನುಡಿದ ಸಾಕ್ಷಿ

ಮೇಲಿನಿಂದ ನೋಡಿದರೆ ಕಡಲು ಯಾವಾಗಲೂ ಶುಭ್ರವಾಗಿಯೇ ಕಾಣುತ್ತದೆ. ಕಾರ್ಖಾನೆಯ ಕೊಳಚೆ ಬಂದು ಸೇರಿದರೂ ಉಬ್ಬರವಿಳಿತದಲ್ಲಿ ನೀರು ಬದಲಾಗುತ್ತಾ ಇರುತ್ತದೆ. ನಿನ್ನೆ ಸುರಿದ ವಿಷ ಇಂದು ತುಂಬಿ ತಂದ ನೀರಿನಲ್ಲಿ ಸಿಗದೆ ಹೋಗಬಹುದು. ಆದರೆ ಪಾದರಸ, ಸೀಸದಂತಹ ಲೋಹಗಳು ಮಣ್ಣಿನ ನುಣುಪಾದ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತವೆ ಮತ್ತು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತವೆ. ಆದ್ದರಿಂದಲೇ ಕರಾವಳಿಯ ಮಾಲಿನ್ಯವನ್ನು ಅಳೆಯುವವರು ನೀರಿನ ಜೊತೆಗೆ ತಳದ ಕೆಸರನ್ನೂ ಪರೀಕ್ಷಿಸುತ್ತಾರೆ.

ಇದರ ಬೆಲೆ ಏನೆಂಬುದನ್ನು ಜಗತ್ತಿಗೆ ತಿಳಿಸಿದ್ದು ಜಪಾನಿನ ಮಿನಮಾಟ ಎಂಬ ಊರು. 1956ರಲ್ಲಿ ಅಲ್ಲಿನ ಬೆಸ್ತರ ಮನೆಗಳಲ್ಲಿ ವಿಚಿತ್ರ ಕಾಯಿಲೆಯೊಂದು ಬೆಳಕಿಗೆ ಬಂತು. ಮಕ್ಕಳಿಗೆ ನಡೆಯಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸಾಯುತ್ತಿದ್ದವು. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ತಾಯಂದಿರಿಗೂ ರೋಗಪೀಡಿತ ಶಿಶುಗಳು ಜನಿಸಿದವು. ತಾಯಿ ತಿಂದ ಮೀನಿನ ವಿಷ ಗರ್ಭದ ಮಗುವನ್ನು ಸೇರಿತ್ತು.

1959ರಲ್ಲಿ ಕೊಲ್ಲಿಯ ಬೇರೆ ಬೇರೆ ಕಡೆಯ ಕೆಸರನ್ನು ಪರೀಕ್ಷಿಸಲಾಯಿತು. ಚಿಸ್ಸೋ ಎಂಬ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯದ ಕಾಲುವೆ ಕಡಲಿಗೆ ಸೇರುವಲ್ಲಿ ಒಂದು ಟನ್ ಕೆಸರಿಗೆ ಸುಮಾರು ಎರಡು ಕಿಲೋ ಪಾದರಸವಿತ್ತು! ಕಾಲುವೆಯಿಂದ ದೂರ ಹೋದಂತೆ ಅದರ ಪ್ರಮಾಣ ಕಡಿಮೆಯಾಗುತ್ತಿತ್ತು. ವಿಷದ ಜಾಡು ಎಲ್ಲಿಂದ ಹೊರಟಿದೆಯೆಂದು ಬೇರೆ ಹೇಳಬೇಕಾಗಿರಲಿಲ್ಲ. ಹಾಗಿದ್ದೂ ಕಾರ್ಖಾನೆ 1968ರ ತನಕ ಆ ತ್ಯಾಜ್ಯವನ್ನು ಕಡಲಿಗೆ ಬಿಡುತ್ತಲೇ ಇತ್ತು.

ಕೆಸರು ತೆಗೆಯುವುದು ಸುಲಭದ ಕೆಲಸವೆನಿಸಬಹುದು. ಆದರೆ ಅದಕ್ಕೆ ಬಹಳ ಶಿಸ್ತು ಬೇಕು. ದೋಣಿಯಿಂದ ಹಗ್ಗ ಕಟ್ಟಿ ಇಳಿಸಿದ ಉಕ್ಕಿನ ದವಡೆ ತಳ ಮುಟ್ಟಿದೊಡನೆ ಬಾಯಿ ಮುಚ್ಚಿ ಒಂದು ತುತ್ತು ಮಣ್ಣನ್ನು ಕಚ್ಚಿ ತರುತ್ತದೆ. ಉಕ್ಕಿಗೆ ತಾಗಿದ ಅಂಚನ್ನು ಬಿಟ್ಟು ನಡುವಿನ ಮಣ್ಣನ್ನು ಶುದ್ಧ ಡಬ್ಬಿಗೆ ತುಂಬಿ, ಜಾಗ, ಆಳ, ದಿನಾಂಕ ಬರೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ. ಪಾದರಸ ಆವಿಯಾಗಿ ಹೋಗುವುದರಿಂದ ಮಾದರಿಯನ್ನು ಜೋರಾಗಿ ಕಾಯಿಸುವಂತಿಲ್ಲ. ಹಳೆಯ ಕಾಲದ ಕಥೆ ಬೇಕಿದ್ದರೆ ಉದ್ದನೆಯ ಕೊಳವೆಯನ್ನು ತಳಕ್ಕೆ ಚುಚ್ಚಿ ಎತ್ತುತ್ತಾರೆ. ಮೇಲಿನದು ಇತ್ತೀಚಿನ ಪದರ, ಕೆಳಗಿನದು ಹಿಂದಿನವರ ಕಾಲದ್ದು. ಮಾಲಿನ್ಯವಿಲ್ಲದ ಜಾಗದ ಮಣ್ಣನ್ನೂ ಹೋಲಿಕೆಗೆ ತರಬೇಕು. ಇಲ್ಲದಿದ್ದರೆ ಪ್ರಕೃತಿ ಇಟ್ಟದ್ದೆಷ್ಟು, ಮನುಷ್ಯ ಸುರಿದದ್ದೆಷ್ಟು ಎಂದು ತಿಳಿಯುವುದಿಲ್ಲ.

ಸುರಿದದ್ದನ್ನು ಮರಳಿ ಎತ್ತುವುದು ಎಷ್ಟು ಕಷ್ಟವೆಂಬುದನ್ನೂ ಮಿನಮಾಟ ಕಲಿಸಿತು. ಕೊಲ್ಲಿಯ ಹೂಳೆತ್ತುವ ಕೆಲಸ 1977ರಲ್ಲಿ ಆರಂಭವಾಗಿ 1990ರಲ್ಲಿ ಮುಗಿಯಿತು. ವಿಷದ ಕೆಸರಿನಿಂದ ತುಂಬಿ ಮುಚ್ಚಿದ 58 ಹೆಕ್ಟೇರ್ ಜಾಗ ಈಗ ನೆಲವಾಗಿದೆ. ಮೀನುಗಳು ಹೊರಹೋಗದಂತೆ ಕೊಲ್ಲಿಗೆ ಅಡ್ಡವಾಗಿ ಕಟ್ಟಿದ್ದ ಬಲೆಯನ್ನು 1997ರಲ್ಲಷ್ಟೇ ತೆಗೆಯಲಾಯಿತು. ಪಾದರಸದ ಬಳಕೆಗೆ ಕಡಿವಾಣ ಹಾಕುವ, ಆ ಊರಿನ ಹೆಸರನ್ನೇ ಹೊತ್ತ ಜಾಗತಿಕ ಒಪ್ಪಂದವನ್ನು 2018ರಲ್ಲಿ ಭಾರತವೂ ಅನುಮೋದಿಸಿತು.

ನಮ್ಮ ಕರಾವಳಿಯಲ್ಲಿಯೂ ಮೀನಿಲ್ಲದ ಊಟ ಅನೇಕ ಮನೆಗಳಲ್ಲಿ ಊಟವೇ ಅಲ್ಲ. ಮೀನು ಒಳ್ಳೆಯ ಆಹಾರ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ನಮ್ಮ ಕಡಲಿಗೆ ಸೇರುವ ಕಾಲುವೆಗಳ ಬಾಯಲ್ಲಿ ಕೆಸರಿನ ಪರೀಕ್ಷೆ ನಡೆಯುತ್ತಿದೆಯೇ, ಅದರ ಫಲಿತಾಂಶ ಏನು ಎಂದು ಕೇಳುವ ಹಕ್ಕು ಅಡುಗೆಮನೆಯಲ್ಲಿ ಮೀನು ಕೊಯ್ಯುವ ತಾಯಿಗೂ ಇದೆ. ಮಿನಮಾಟದ ಕೆಸರು ಸಾಕ್ಷಿ ನುಡಿಯುವ ಹೊತ್ತಿಗೆ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಅದಕ್ಕೆ ಮೊದಲೇ ಕೆಸರನ್ನು ವಿಚಾರಿಸುವುದು ಜಾಣತನ.