ಕಾಲುವೆ ಸೀಮೆಯ ಮಕ್ಕಳಿಗೆ ಕೊಳದ ಪಾಠ

ಸಿಂಧನೂರು, ಮಸ್ಕಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ. ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ನೀರು ಬಿಟ್ಟರೆ ಸಾಕು, ಹುಡುಗರು ಈಸು ಬೀಳಲು ಓಡುತ್ತಾರೆ. ಸೊಂಟಕ್ಕೆ ಖಾಲಿ ಕ್ಯಾನೋ ಟ್ಯೂಬೋ ಕಟ್ಟಿ ಅಣ್ಣನೋ ಮಾವನೋ ಬಾವಿಗೆ ನೂಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ಧೈರ್ಯವೇನೋ ಬರುತ್ತದೆ. ಆದರೆ ತಲೆ ಮೇಲೆತ್ತಿಕೊಂಡೇ ಕೈಕಾಲು ಬಡಿಯುವವನಿಗೆ ಹತ್ತು ಮಾರು ದಾಟುವುದರೊಳಗೆ ಏದುಸಿರು. ಕಾಲುವೆಯಲ್ಲಾದರೆ ಸೆಳವು ಬೇರೆ. ಪಾಚಿಗಟ್ಟಿದ ಸಿಮೆಂಟಿನ ಇಳಿಜಾರಿನಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಕಲಿಯುವ ಜಾಗ ಅದಲ್ಲ. ನಿಂತ ನೀರಿನ, ಮಗುವಿನ ಎದೆಮಟ್ಟದ ಕೊಳವೇ ಆಗಬೇಕು.

ಕೊಳದಲ್ಲಿ ಮೊದಲು ಕಲಿಸುವುದು ಕೈಯನ್ನೂ ಅಲ್ಲ, ಕಾಲನ್ನೂ ಅಲ್ಲ, ಉಸಿರನ್ನು. ಮಗು ಅಂಚು ಹಿಡಿದು ಮುಖ ಮುಳುಗಿಸಿ, ಮೂಗು ಬಾಯಿಂದ ಗುಳುಗುಳು ಗುಳ್ಳೆ ಬಿಡಬೇಕು. ಹೆದರಿದ ಮಗು ಉಸಿರು ಬಿಗಿಹಿಡಿಯುತ್ತದೆ, ಕತ್ತು ಸೆಟೆಯುತ್ತದೆ, ತಲೆ ಮೇಲೇಳುತ್ತದೆ. ತಲೆ ಎದ್ದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಗುಳ್ಳೆ ಬಿಡುವುದು ರೂಢಿಯಾದ ಮೇಲೆ ಅದೇ ಮಗು ಕಣ್ಣು ಬಿಟ್ಟು ಕೊಳದ ತಳ ನೋಡುತ್ತ ತೇಲತೊಡಗುತ್ತದೆ. ನಂತರ ಗೋಡೆಯನ್ನು ಒದ್ದು, ಎರಡೂ ಕೈ ಮುಂದೆ ಚಾಚಿ, ಬಾಣದಂತೆ ಜಾರುತ್ತದೆ. ಈ ಜಾರುವಿಕೆಗೆ ಎಷ್ಟು ದಿನ ಕೊಟ್ಟರೂ ವ್ಯರ್ಥವಲ್ಲ. ಮಗ ಇನ್ನೂ ಕೈ ಬೀಸುತ್ತಿಲ್ಲವೆಂದು ದಡದಲ್ಲಿ ಚಡಪಡಿಸುವ ಪಾಲಕರು ಇದನ್ನು ತಿಳಿಯಬೇಕು.

ಕಾಲು ಬಡಿತ ಸೊಂಟದಿಂದ ಹೊರಡಬೇಕು. ಬಹುತೇಕ ಮಕ್ಕಳು ಮೊಣಕಾಲು ಮಡಚಿ ಸೈಕಲ್ ತುಳಿಯುತ್ತಾರೆ. ಹಲಗೆ ಹಿಡಿಸಿ ಅಭ್ಯಾಸ ಮಾಡಿಸಿದರೆ ಅದು ಸರಿಹೋಗುತ್ತದೆ. ಆಮೇಲೆ ಫ್ರೀಸ್ಟೈಲಿನ ಕೈ. ಉಸಿರಿಗೆಂದು ತಲೆ ಎತ್ತುವಂತಿಲ್ಲ. ಮೈಯೊಂದಿಗೆ ಪಕ್ಕಕ್ಕೆ ಹೊರಳಬೇಕು, ಒಂದು ಕಿವಿ ನೀರಲ್ಲೇ ಉಳಿಯಬೇಕು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲೆಟ್, ಐದು ವರ್ಷದವಳಿದ್ದಾಗ ಮುಳುಗಿ ಸಾಯುವುದರಿಂದ ಪಾರಾದವರು. ಭಯದಿಂದಲೇ ಅವರ ಈಜು ಶುರುವಾಯಿತು. ನಮ್ಮ ತಾಲ್ಲೂಕುಗಳಿಗೆ ಪದಕಕ್ಕಿಂತ ಮೊದಲು ಬೇಕಾದದ್ದು ಜೀವ ಕಾಯುವ ವಿದ್ಯೆ. ಶಾಲಾ ವಯಸ್ಸಿನ ಮಕ್ಕಳಿಗೆ ಈಜಿನ ಜೊತೆ ನೀರಿನ ಸುರಕ್ಷತೆಯನ್ನೂ ಕಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಕೈಕಾಲಿನ ಬಡಿತ ರೂಢಿಯಾದ ಮಗುವನ್ನು ತೊಟ್ಟ ಬಟ್ಟೆಯಲ್ಲೇ ಕೊಳಕ್ಕಿಳಿಸಿ, ಅಂಗಾತ ತೇಲಿಸಿ, ಅಂಚು ಮುಟ್ಟಿಸಬೇಕು. ಗೆಳೆಯ ಮುಳುಗುತ್ತಿದ್ದರೆ ತಾನು ಧುಮುಕದೆ ದೊಡ್ಡವರನ್ನು ಕೂಗಿ, ದಡದಿಂದಲೇ ಹಗ್ಗ, ಕೋಲು, ಖಾಲಿ ಕ್ಯಾನು ಎಸೆಯುವುದನ್ನೂ ಕೊಳದಲ್ಲೇ ಮಾಡಿಸಿ ನೋಡಬೇಕು.